ಕೊಟ್ಟೆಯಾ ಅವಳಿಗೆ?

ಭಿಕ್ಷೆಯ ವಿಷಯದಲ್ಲಿ ನನ್ನದು ಮೊದಲಿನಿಂದಲೂ ಕಟ್ಟುನಿಟ್ಟು. ಕೈಕಾಲು ಗಟ್ಟಿಯಿದ್ದವರಿಗೆ ಕೊಡುವುದಿಲ್ಲ. ಮಗುವನ್ನು ಮುಂದಿಟ್ಟುಕೊಂಡು ಕೇಳುವವರಿಗೆ ಕೊಡುವುದಿಲ್ಲ. ದೇವರ ಫೋಟೋ ಹಿಡಿದು ಬಂದವರಿಗೆ ಕೊಡುವುದಿಲ್ಲ. ಕುಡಿದ ವಾಸನೆ ಬಂತೋ, ಮಾತೇ ಬೇಡ. ಹೀಗೆ ಒಬ್ಬೊಬ್ಬರನ್ನೇ ಕಳೆಯುತ್ತಾ ಹೋದರೆ ಕೊಡಲು ಯೋಗ್ಯರಾದವರು ಯಾರೂ ಉಳಿಯುತ್ತಿರಲಿಲ್ಲ, ನನಗೆ ಬೇಕಾಗಿದ್ದದ್ದೂ ಅದೇ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದವಳು ನಾನು. ಕೇಳುವವರ ಮುಖ ನೋಡಿ 'ಆಗುವುದಿಲ್ಲ' ಎನ್ನುವುದೇ ನನ್ನ ಹೊಟ್ಟೆಪಾಡು. ಸಿಗ್ನಲ್ಲಿನಲ್ಲಿ ಆಟೋದೊಳಕ್ಕೆ ಕೈ ಚಾಚಿದರೆ ಮೊಬೈಲ್ ನೋಡುತ್ತಾ ಕೂತುಬಿಡುತ್ತಿದ್ದೆ. ಮನಸ್ಸು ಕಲಕುತ್ತಿರಲಿಲ್ಲವೇ ಎಂದರೆ ಕಲಕುತ್ತಿತ್ತು, ಹಸಿರು ದೀಪ ಬರುವವರೆಗೆ.

ನಮ್ಮಮ್ಮ ಇದಕ್ಕೆ ತದ್ವಿರುದ್ಧ. ಮೈಸೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಬಾಗಿಲು ನೇರ ಬೀದಿಗೆ ತೆರೆಯುತ್ತಿತ್ತು. ಯಾರು ಬಂದು ನಿಂತರೂ ಅಮ್ಮ ಒಳಗಿನಿಂದ ಬರಿಗೈಯಲ್ಲಿ ಬಂದದ್ದನ್ನು ನಾನು ನೋಡಿಲ್ಲ. ದಾಸಯ್ಯನಿಗೆ ಅಕ್ಕಿ, ಕೋಲೆ ಬಸವನಿಗೆ ಬಾಳೆಹಣ್ಣು, ಬುಡುಬುಡಿಕೆಯವನಿಗೆ ಅಪ್ಪನ ಹಳೆಯ ಪಂಚೆ. ನಿಜವಾಗಿಯೂ ಏನೂ ಇಲ್ಲದ ದಿನ 'ಮುಂದೆ ಹೋಗಪ್ಪಾ' ಎನ್ನುತ್ತಿದ್ದಳೇ ಹೊರತು, 'ಇಲ್ಲ' ಎಂಬ ಮಾತನ್ನು ಹೊಸಿಲ ಮೇಲೆ ನಿಂತು ಆಡಬಾರದು ಎನ್ನುತ್ತಿದ್ದಳು. ಈಗ ಅವಳು ಅಣ್ಣನ ಜೊತೆ ಫ್ಲ್ಯಾಟಿನಲ್ಲಿದ್ದಾಳೆ. ಮೂರನೇ ಮಹಡಿ, ಲಿಫ್ಟು, ಕೆಳಗೆ ಗೇಟಿನಲ್ಲಿ ಸೆಕ್ಯೂರಿಟಿಯವನು. ಕೇಳುವವರು ಗೇಟಿನಿಂದಲೇ ವಾಪಸ್ಸು. ಒಂದು ಕೈಯೂ ಮೇಲಕ್ಕೆ ಬರುವುದಿಲ್ಲ ಎಂದು ಅಮ್ಮ ಆಗಾಗ ಕೊರಗುತ್ತಿದ್ದಳು. ಒಳ್ಳೆಯದೇ ಆಯಿತು, ನಿನ್ನ ಪೆನ್ಷನ್ ಉಳಿಯಿತು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅವಳಿಗೆ ಅದು ತಮಾಷೆಯಾಗಿರಲಿಲ್ಲ.

ಬ್ಯಾಂಕು ನನ್ನನ್ನು ಎರ್ನಾಕುಲಂಗೆ ಹಾಕಿದಾಗ ಮನೆಯಲ್ಲಿ ದೊಡ್ಡ ಸಭೆಯೇ ನಡೆಯಿತು. ನನಗೆ ಮದುವೆಯಾಗಿಲ್ಲ. ಮದುವೆಯಾಗದ ಹೆಣ್ಣುಮಗಳು ಮನೆಯವರೆಲ್ಲರ ಸೊತ್ತು. ಕೇರಳದಲ್ಲಿ ಹೇಗೋ ಎರಡು ಮೂರು ವರ್ಷ ತಳ್ಳುವುದು, ಆಮೇಲೆ ಮೈಸೂರಿಗೆ ವರ್ಗ ಕೇಳಿಕೊಂಡು ಬರುವುದು, ಬಂದ ಮೇಲೆ ಬೇರೆ ಮನೆ ಮಾಡಿ ಅಮ್ಮನನ್ನು ನಾನೇ ಇಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ಅಣ್ಣ, ತಲೆಯಾಡಿಸಿದ್ದು ಅತ್ತಿಗೆ, ಕಾಫಿ ತಂದುಕೊಟ್ಟದ್ದು ನಾನು. ಅಮ್ಮನ ಮುಖ ಅರಳಿದ್ದು ಕಾಣುತ್ತಿತ್ತು.

ಎರ್ನಾಕುಲಂನದೇ ಬಡಾವಣೆ ಕಲೂರಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನಗೊಂದು ಪುಟ್ಟ ಮನೆ ಸಿಕ್ಕಿತು. ನಲವತ್ತು ದಾಟಿ ಎಷ್ಟೋ ವರ್ಷವಾದ ಮೇಲೆ, ಮೊದಲ ಬಾರಿಗೆ, ನನ್ನೊಬ್ಬಳದೇ ಆದ ಬೀಗದ ಕೈ. ರಾತ್ರಿಯೂಟಕ್ಕೆ ಬೇಕರಿಯ ಮೊಟ್ಟೆ ಪಫ್ಸ್ ತಿಂದರೂ ಕೇಳುವವರಿಲ್ಲ. ಭಾನುವಾರ ಸ್ನಾನ ಮಾಡದೆ ಮಧ್ಯಾಹ್ನದವರೆಗೆ ಬಿದ್ದುಕೊಂಡಿದ್ದರೂ ಕೇಳುವವರಿಲ್ಲ. ಊಟ ಆಯ್ತಾ, ಯಾಕೆ ತಡ, ಫೋನಲ್ಲಿ ಯಾರು ಎಂಬ ಪ್ರಶ್ನೆಗಳೇ ಇಲ್ಲದ ಆ ಮನೆಯೊಳಗೆ ನಾನು ಸುಖವಾಗಿದ್ದೆ. ಅಮ್ಮನ ಮೇಲೆ ಪ್ರೀತಿಯಿರಲಿಲ್ಲ ಎಂದಲ್ಲ. ಪ್ರೀತಿಯಿತ್ತು, ದಿನಾ ಸಂಜೆ ಫೋನಿನಲ್ಲಿ ಸಾಕಾಗುವಷ್ಟು. ಈ ಮಾತನ್ನು ಯಾರ ಮುಂದೆ ಆಡಲಿ?

ಆಡಿದ್ದು ನಡುಬೀದಿಯಲ್ಲಿ. ನಮ್ಮ ಕಡೆಯಿಂದ ಕೇರಳಕ್ಕೆ ಬಂದ ಬ್ಯಾಂಕಿನವರಿಗೂ ಕೇಂದ್ರ ಸರ್ಕಾರದ ಆಫೀಸಿನವರಿಗೂ ಒಂದು ಚಟ ಅಂಟಿಕೊಳ್ಳುತ್ತದೆ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್, ಅಂಗಡಿಯಲ್ಲಿ ಹರಕು ಮುರುಕು ಮಲಯಾಳಂ. ಫೋನ್ ಕಿವಿಗಿಟ್ಟರೆ ಮಾತ್ರ ಕನ್ನಡ, ಆಗ ಕಟ್ಟೆ ಒಡೆದ ಹಾಗೆ. ಸುತ್ತ ಯಾರಿಗೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಪಕ್ಕದ ಸೀಟಿನವನ ಬೆವರು, ಮ್ಯಾನೇಜರನ ಜಿಪುಣತನ, ನಾದಿನಿಯ ಮನೆಯ ಜಗಳ ಎಲ್ಲವನ್ನೂ ಗಟ್ಟಿ ದನಿಯಲ್ಲಿ ಆಡುತ್ತೇವೆ. ನನ್ನ ಪರಿಚಯದ ಒಬ್ಬರು ಮೆಟ್ರೋದಲ್ಲಿ ಕಂಬ ಹಿಡಿದು ನಿಂತು ತಮ್ಮ ಎಟಿಎಂ ಪಿನ್ ನಂಬರನ್ನೇ ಹೆಂಡತಿಗೆ ಕೂಗಿ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದೆಂದರೆ ಇದೇ. ಆವತ್ತು ಅವರನ್ನು ನೋಡಿ ನಗುವಾಗ ನಾನೂ ಅದೇ ಬೆಕ್ಕಿನ ಜಾತಿ ಎಂದು ಹೊಳೆದಿರಲಿಲ್ಲ.

ನನ್ನ ಮನೆಯೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಹಾಗಾಗಿ ಸಂಜೆ ಎರ್ನಾಕುಲಂನ ಆಫೀಸಿನಿಂದ ಬಂದು ಕಲೂರಿನಲ್ಲಿ ಬಸ್ಸಿಳಿದವಳು ಬೇಕರಿಯ ಮುಂದೆ ನಿಂತೇ ಫೋನು ಮಾಡುತ್ತಿದ್ದೆ. ಅಮ್ಮನ ಧಾರಾವಾಹಿ ಶುರುವಾಗುವುದರೊಳಗೆ ಮಾತು ಮುಗಿಯಬೇಕು. ಆ ದಿನ ಅಮ್ಮನಿಗೆ ಮಾಡುವ ಮೊದಲೇ ಬೆಂಗಳೂರಿನ ಆಡಳಿತ ಕಚೇರಿಯಲ್ಲಿರುವ ಗೆಳತಿಯ ಫೋನು ಬಂತು. ಮೈಸೂರಿನಲ್ಲಿ ಜಾಗ ಖಾಲಿಯಾಗಿದೆ, ನೀನು ಹೂಂ ಅಂದರೆ ನಾಳೆಯೇ ಆಗುತ್ತೆ ಎಂದಳು. ನಾನು ಬೇಡ ಎಂದೆ. ಅವಳು ನಂಬಲಿಲ್ಲ, ಇನ್ನೊಮ್ಮೆ ಕೇಳಿದಳು. ನಾನು ಗಂಟಲು ಏರಿಸಿ, ಬಿಡಿಸಿ ಬಿಡಿಸಿ ಹೇಳಿದೆ: "ನನ್ನ ಹೆಸರು ತೆಗೆಸಿಬಿಡು ಕಣೇ. ನನಗೆ ಹೋಗೋಕೆ ಇಷ್ಟ ಇಲ್ಲ. ಇಲ್ಲೇ ಹಾಯಾಗಿದ್ದೀನಿ. ಅಮ್ಮನಿಗೆ ಮಾತ್ರ ಗೊತ್ತಾಗಬಾರದು, ಬ್ಯಾಂಕಿನವರು ಕೊಡಲಿಲ್ಲ ಅಂತೀನಿ."

ಅದೇ ಉಸಿರಿನಲ್ಲಿ ಅಮ್ಮನಿಗೆ ಫೋನು ಮಾಡಿ, ಈ ಸಲವೂ ಆಗಲಿಲ್ಲ, ಬ್ಯಾಂಕಿನವರು ಕೊಡಲಿಲ್ಲ ಎಂದೆ. ಅಮ್ಮ, ಹೋಗಲಿ ಬಿಡು, ಅವರಿಗೂ ಏನು ಕಷ್ಟವೋ ಎಂದಳು. ಫೋನು ಇಟ್ಟೆ. ಕಾಲ ಬುಡದಿಂದ ಒಂದು ದನಿ ಬಂತು.

"ಅಕ್ಕಾರ, ನೀವು ಮೈಸೂರು ಕಡೇವ್ರೇನ್ರಿ?"

ಬೇಕರಿಯ ಪಕ್ಕದ ಮುಚ್ಚಿದ ಶಟರಿಗೆ ಬೆನ್ನು ಕೊಟ್ಟು, ಗೋಣಿತಾಟಿನ ಮೇಲೆ ಒಂದು ಕಾಲು ನೀಡಿಕೊಂಡು ಕೂತ ಹೆಂಗಸು. ಐವತ್ತೈದೋ ಅರವತ್ತೋ. ಅವಳನ್ನು ನಾನು ದಿನಾ ನೋಡುತ್ತಿದ್ದೆ, ಎಂದರೆ ನೋಡದೆ ದಾಟುತ್ತಿದ್ದೆ. ರಾಯಚೂರು ಕಡೆಯವಳಂತೆ. ಮಗಳು ಅಳಿಯನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು, ಇಟ್ಟಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಬಿದ್ದು ಮಂಡಿ ಮುರಿಯಿತಂತೆ. ಮಗಳು ಅಳಿಯ ಇನ್ನೂ ಕೆಲಸಕ್ಕೆ ಹೋಗುತ್ತಾರೆ, ತಾನು ಇಲ್ಲಿ ಕೂರುತ್ತೇನೆ ಎಂದಳು. ಇದೆಲ್ಲ ಅವಳಾಗಿಯೇ ಹೇಳಿದ್ದು. ಕೊನೆಗೆ ಹೇಳಿದಳು: "ಇಲ್ಲಿ ಮಂದಿ ಮಾತು ತಿಳಿಯಂಗಿಲ್ರಿ ನನಗ. ದಿನಾ ಸಂಜೀಕ ನೀವು ಮಾತಾಡೂದು ಕೇಳಿದ್ರ ಊರಾಗ ಕುಂತಂಗ ಆಕ್ಕೈತಿ."

ದಿನಾ ಸಂಜೆ! ಈಗ ತಾನೇ ಆಡಿದ ಎರಡು ಫೋನಿನ ಮಾತನ್ನೂ ಇವಳು ಕೇಳಿಸಿಕೊಂಡಿದ್ದಾಳೆ. ಸಾಲಕ್ಕೆ ಬಂದವರ ಮುಖ ಓದುವ ಹಾಗೆ ಅವಳ ಮುಖ ಓದಲು ನೋಡಿದೆ. ಏನೂ ಸಿಗಲಿಲ್ಲ. ಅವಳು ಅಭ್ಯಾಸದಿಂದ ಎಂಬಂತೆ ಕೈ ಮುಂದೆ ಮಾಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಪರ್ಸು ತೆಗೆದೆ. ಕೈಗೆ ಸಿಕ್ಕ ನೋಟು ಕೊಟ್ಟು ಮನೆಗೆ ನಡೆದೆ. ನನ್ನ ಕಟ್ಟುನಿಟ್ಟಿನಲ್ಲಿ ಇಂಥವಳನ್ನು ತಳ್ಳಿಹಾಕುವ ನಿಯಮವೇ ಇರಲಿಲ್ಲ. ಅಡ್ಡಾಡಲು ಕಾಲಿಲ್ಲ, ಮಗು ಇಲ್ಲ, ಫೋಟೋ ಇಲ್ಲ, ವಾಸನೆ ಇಲ್ಲ. ಕನ್ನಡ ಬರುತ್ತದೆ, ಅಷ್ಟೇ.

ಮರುದಿನ ಇನ್ನೂ ಕೆಟ್ಟದ್ದಾಯಿತು. ನಾನು ಅಮ್ಮನ ಜೊತೆ ಪಿಸುದನಿಯಲ್ಲಿ ಮಾತಾಡುತ್ತಿದ್ದಾಗ ಅವಳು ಕೆಳಗಿನಿಂದ, ಅಕ್ಕಾರ, ಚಾ ಕುಡ್ಯಾಕ ಏನರ ಕೊಡ್ರಿ ಎಂದಳು. ಅಮ್ಮನ ಕಿವಿ ಚುರುಕು. ಯಾರೇ ಅದು, ಕನ್ನಡದಲ್ಲಿ ಕೇಳ್ತಿರೋದು ಎಂದಳು. ಯಾರೋ ಭಿಕ್ಷುಕಿ ಎಂದೆ. "ಭಿಕ್ಷುಕಿ ಅಂತ ಅವಳೆದುರಿಗೇ ಅಂತೀಯಲ್ಲೇ, ಅವಳಿಗೆ ಅರ್ಥವಾಗಲ್ವಾ? ಫೋನ್ ಕೊಡು ಅವಳ ಕೈಗೆ" ಎಂದಳು ಅಮ್ಮ. ಕೊಡದಿದ್ದರೆ ಅಮ್ಮನಿಗೆ ಸಂಶಯ, ಕೊಟ್ಟರೆ ನನ್ನ ಗತಿ ಏನು? ಅತ್ತ ದರಿ, ಇತ್ತ ಪುಲಿ. ಕೊಟ್ಟೆ. ಆ ಹೆಂಗಸು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ನಮಸ್ಕಾರ್ರಿ ಅವ್ವಾರ ಎಂದಳು. ಮಂಡಿಗೆ ಯಾವ ಎಣ್ಣೆ ಹಚ್ಚುತ್ತೀ, ಬೆಳಿಗ್ಗೆ ಏನು ತಿಂದೆ, ಮಗಳು ನಿನ್ನನ್ನು ನೋಡಿಕೊಳ್ಳುತ್ತಾಳಾ ಎಂದು ಅಮ್ಮ ಕೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ಮಗಳ ಪ್ರಶ್ನೆಗೆ ಅವಳು, "ನೋಡ್ತಾಳ್ರಿ. ಅಕೀಗೂ ಅಕೀದ ಬದುಕ ಐತಲ್ರಿ" ಎಂದು ನನ್ನ ಮುಖ ನೋಡಿದಳು.

ಅಂದಿನಿಂದ ಅಮ್ಮನ ಮೊದಲ ಪ್ರಶ್ನೆ ಬದಲಾಯಿತು. ನಾನು ಹೇಗಿದ್ದೇನೆ ಎಂಬುದು ಆಮೇಲೆ. ಮೊದಲು, "ಕೊಟ್ಟೆಯಾ ಅವಳಿಗೆ?" ಮೂರನೇ ಮಹಡಿಗೆ ಬಾರದ ಕೈ ಫೋನಿನಲ್ಲಿ ಸಿಕ್ಕಿತ್ತು ಅಮ್ಮನಿಗೆ. ಇವತ್ತು ಶನಿವಾರ, ಸ್ವಲ್ಪ ಜಾಸ್ತಿ ಕೊಡು. ಇವತ್ತು ನಿಮ್ಮಪ್ಪನ ತಿಥಿ, ಊಟ ಕೊಡಿಸು. ಮಳೆಯಂತಲ್ಲ ಅಲ್ಲಿ, ಒಂದು ಪ್ಲಾಸ್ಟಿಕ್ ಹಾಳೆ ಕೊಡಿಸು. ಆಜ್ಞೆ ಮೈಸೂರಿನಿಂದ, ಜಾರಿ ಕಲೂರಿನಲ್ಲಿ. ಕೊಡದೆ ಕೊಟ್ಟೆ ಎನ್ನುವಂತಿರಲಿಲ್ಲ, ಸಾಕ್ಷಿ ಪಕ್ಕದಲ್ಲೇ ಕೂತಿತ್ತು. ನಾನು ಒಳಗೆ ಪಫ್ಸ್ ಕಟ್ಟಿಸಿಕೊಳ್ಳುವಾಗಲೂ ಫೋನು ಅವಳ ಕೈಯಲ್ಲೇ. ಆದಷ್ಟು ಬೇಗ ಹೊರಗೆ ಬರೋಣವೆಂದರೆ ಸಂಜೆಯ ಹೊತ್ತು ಬೇಕರಿಯಲ್ಲಿ ಜನ ಮುಗಿಬಿದ್ದಿರುತ್ತಿದ್ದರು. ನಾನು ಗಾಜಿನ ಕಪಾಟಿನ ಈಚೆಯಿಂದ ಅವಳ ತುಟಿ ನೋಡುತ್ತಾ ನಿಲ್ಲುತ್ತಿದ್ದೆ.

ತಪ್ಪಿಸಿಕೊಳ್ಳಲು ನೋಡಲಿಲ್ಲವೆಂದಲ್ಲ. ಚಿಲ್ಲರೆ ಇಲ್ಲ, ಈಗೆಲ್ಲ ಫೋನಿನಲ್ಲೇ ಎಂದೆ ಒಂದು ದಿನ. ಸುಳ್ಳೂ ಅಲ್ಲ. ಅವಳು ಬೇಕರಿಯ ಕಡೆ ಬೆರಳು ತೋರಿಸಿದಳು. ಅಲ್ಲಿ ಅಂಟಿಸಿದ ಕ್ಯೂಆರ್ ಚೌಕಕ್ಕೆ ಫೋನಿನಿಂದ ದುಡ್ಡು ಹಾಕಿದರೆ ಬೇಕರಿಯವನು ಅವಳಿಗೆ ಅಷ್ಟು ನಗದು ಕೊಡುತ್ತಾನಂತೆ. ಅವನೂ ಸಂತೋಷದಿಂದ ತಲೆಯಾಡಿಸಿದ, ಚೇಚಿ, ಎಂದರೆ ಅಕ್ಕಾ, ಚಿಂತೆ ಮಾಡಬೇಡಿ ಎಂದ. ಇಡೀ ದೇಶ ಡಿಜಿಟಲ್ ಆಗಿದ್ದು ನನ್ನ ಕೊನೆಯ ನೆಪವನ್ನು ಕಿತ್ತುಕೊಳ್ಳುವುದಕ್ಕೇ ಎನಿಸಿತು. ಇನ್ನೊಂದು ದಿನ ಬಸ್ಸಿನಿಂದ ಇಳಿಯದೆ ಮುಂದಿನ ನಿಲ್ದಾಣಕ್ಕೆ, ಸ್ಟೇಡಿಯಂ ಹತ್ತಿರ ಹೋಗಿ ಇಳಿದೆ. ಅಂದು ಫುಟ್‌ಬಾಲ್ ಮ್ಯಾಚು, ರಸ್ತೆ ತುಂಬ ಹಳದಿ ಬನಿಯನ್ನಿನ ಹುಡುಗರು, ತುತ್ತೂರಿ. ಎಲ್ಲಿದ್ದೀಯ, ಅವಳೆಲ್ಲಿ, ಅವಳಿಗೇನಾದರೂ ಆಯಿತಾ ಎಂದು ಅಮ್ಮನಿಗೆ ಗಾಬರಿ. ಹೋಗಿ ನೋಡಿಕೊಂಡು ಬಾ ಎಂದಳು. ಆ ಗದ್ದಲದಲ್ಲಿ ವಾಪಸ್ಸು ನಡೆದುಕೊಂಡು ಬಂದೆ. ಅವಳು ನಕ್ಕು, ಬಸ್ಸಿನ ಕಿಟಕಿಯಲ್ಲಿ ನಿಮ್ಮನ್ನು ಕಂಡೆ, ಇವತ್ತು ನಿದ್ದೆ ಹತ್ತಿತೇನೋ ಎಂದುಕೊಂಡೆ ಎಂದಳು.

ಮೆಲ್ಲಗೆ ಅವಳು ಅಮ್ಮನಿಗೆ ನನ್ನ ವರದಿಯನ್ನೂ ಒಪ್ಪಿಸತೊಡಗಿದಳು. ಅಕ್ಕಾರು ಸೊರಗ್ಯಾರ್ರಿ. ದಿನಾ ಅದ ಪಫ್ಸ್ ತಿಂತಾರ್ರಿ, ಮನ್ಯಾಗ ಒಲಿ ಹಚ್ಚಂಗಿಲ್ಲೇನೋ. ನಿನ್ನೆ ಭಾಳ ತಡಾ ಮಾಡಿ ಬಂದ್ರು. ಅಮ್ಮ ಅದನ್ನೆಲ್ಲ ಕೇಳಿ ನನಗೆ ಮಂಗಳಾರತಿ ಎತ್ತುತ್ತಿದ್ದಳು. ಊಟ ಆಯ್ತಾ, ಯಾಕೆ ತಡ ಎಂದು ಕೇಳುವವರಿಲ್ಲದ ಊರು ಎಂದು ನಾನು ಬಿಡಲಾರದೆ ಹಿಡಿದುಕೊಂಡಿದ್ದ ಕಲೂರಿನಲ್ಲೇ, ಗೋಣಿತಾಟಿನ ಮೇಲೆ, ಆ ಪ್ರಶ್ನೆಗಳೆಲ್ಲ ಬಂದು ಕೂತಿದ್ದವು.

ಆಫೀಸಿನಲ್ಲಿ ಊಟದ ಹೊತ್ತು ಒಮ್ಮೆ ಈ ಮಾತು ಬಂತು. ಇಲ್ಲಿನ ಸಹೋದ್ಯೋಗಿಯೊಬ್ಬರು, ನಮ್ಮವರು ಯಾರೂ ಬೇಡುವುದಿಲ್ಲ, ಎಲ್ಲ ಹೊರರಾಜ್ಯದವರು, ಕೊಟ್ಟು ಕೊಟ್ಟು ನಾವೇ ಅವರನ್ನು ಇಲ್ಲಿ ಕೂರಿಸಿಕೊಂಡಿದ್ದೇವೆ ಎಂದರು. ಹಿಂದೆಯಾಗಿದ್ದರೆ ನಾನೇ ಹೌದು ಹೌದು ಎನ್ನುತ್ತಿದ್ದೆ. ಈಗ ಹೊರರಾಜ್ಯದವಳಾಗಿ ಮಜ್ಜಿಗೆ ಅನ್ನ ಕಲಸುತ್ತಾ ಕೂತೆ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನಾನು ದಿನಾ ಕೊಡುತ್ತಿದ್ದದ್ದು ದಾನವಾಗಿದ್ದರೆ ಅವರ ಎದುರು ನಾಲ್ಕು ಮಾತು ಆಡಬಹುದಿತ್ತು. ಅದು ಬಾಯಿ ಮುಚ್ಚಿಸಲು ಕೊಡುವ ದುಡ್ಡು. ಆದರೆ ಬಾಯಿ ಮುಚ್ಚಿಕೊಂಡಿರಲು ದುಡ್ಡು ಕೊಡು ಎಂದು ಆ ಹೆಂಗಸು ಒಂದು ದಿನವೂ ಕೇಳಿರಲಿಲ್ಲ. ಕಡಿಮೆ ಕೊಟ್ಟರೂ 'ನಿಮ್ಮ ಹೊಟ್ಟಿ ತಣ್ಣಗಿರ್ಲಿ', ಜಾಸ್ತಿ ಕೊಟ್ಟರೂ ಅದೇ. ಹೆದರಿಸಿದ್ದರೆ ಜಗಳವಾಡಬಹುದಿತ್ತು. ಹೆಚ್ಚು ಕೇಳಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ. ಅವಳು ಸುಮ್ಮನೆ ಕೈ ಚಾಚುತ್ತಿದ್ದಳು. ಸಂತೋಷದಿಂದ ಕೊಡಲಾರದೆ, ಕೊಡದೆಯೂ ಇರಲಾರದೆ, ಪ್ರತಿ ಸಂಜೆ ಕಲೂರು ಹತ್ತಿರವಾಗುತ್ತಿದ್ದಂತೆ ಬಸ್ಸಿನಲ್ಲೇ ಪರ್ಸು ತೆರೆದು ಚಿಲ್ಲರೆ ಎಣಿಸತೊಡಗುತ್ತಿದ್ದೆ.

ಒಂದು ಸಂಜೆ ಅವಳು ಫೋನಿನಲ್ಲಿ ಅಮ್ಮನಿಗೆ, ಮಗಳು ಊರಿಗೆ ಬರೂದು ಯಾವಾಗ ಅಂತ ಕೇಳ್ತೀರಲ್ರಿ ಅವ್ವಾರ, ಅಕ್ಕಾರಿಗೆ ಊರಂದ್ರ, ಎಂದು ಶುರುಮಾಡಿ ನನ್ನ ಕಡೆ ನೋಡಿದಳು. ಆ ಮಾತು ಮುಗಿಯಲು ನಾನು ಬಿಡಲಿಲ್ಲ. ಫೋನು ಕಿತ್ತುಕೊಂಡೆ. ಯಾಕೆ ಕಿತ್ತುಕೊಂಡೆ ಎಂದಳು ಅಮ್ಮ. ಬಸ್ಸು ಬಂತು ಎಂದೆ. ಬಸ್ಸಿಳಿದ ಮೇಲೆ ತಾನೇ ನೀನು ಫೋನ್ ಮಾಡೋದು ಎಂದಳು ಅಮ್ಮ. ಅಷ್ಟರಲ್ಲಿ ಅವಳ ಧಾರಾವಾಹಿಯ ಸಂಗೀತ ಶುರುವಾಯಿತು, ಬದುಕಿಕೊಂಡೆ.

ಮಾರ್ಚ್ ಮುಗಿದ ಮೇಲೆ ನನಗೆ ಬಡ್ತಿ ಬಂತು, ಜೊತೆಗೆ ತಿರುವನಂತಪುರಕ್ಕೆ ವರ್ಗ. ಈ ಸಲ ನಾನು ಏನೂ ಮಾಡಿರಲಿಲ್ಲ, ನಿಜವಾಗಿಯೂ ಬ್ಯಾಂಕಿನವರೇ ಹಾಕಿದ್ದು. ಇನ್ನೂ ದೂರವಾಯಿತಲ್ಲ ಎಂದು ಅಣ್ಣ ಫೋನಿನಲ್ಲಿ ರೇಗಿದ. ನಾನು ಬಾಯಲ್ಲಿ ಅಯ್ಯೋ ಎನ್ನುತ್ತಾ ಒಳಗೇ ಕುಣಿದೆ. ಕಲೂರಿನ ಬಸ್ ಸ್ಟ್ಯಾಂಡಿನಿಂದ ಬಿಡುಗಡೆ! ಹೊರಡುವ ಹಿಂದಿನ ಸಂಜೆ ಅವಳಿಗೊಂದು ಸೀರೆ, ಹೊದೆಯಲೊಂದು ಹೊದಿಕೆ, ಒಂದು ದೊಡ್ಡ ನೋಟು ಕೊಟ್ಟೆ. ಕೊಡುವಾಗ ಮೊದಲ ಬಾರಿಗೆ ಮನಸ್ಸು ಹಗುರವಾಗಿತ್ತು. ಅವಳು ಸೀರೆಯನ್ನು ಬಿಚ್ಚಿ ಅಂಚು ನೋಡಿ ಮಡಚಿಟ್ಟುಕೊಂಡಳು. ಇನ್ನು ನಮ್ಮಮ್ಮನ ಜೊತೆ ಮಾತಾಡುವುದಕ್ಕಾಗಲ್ಲವಲ್ಲ ನಿನಗೆ ಎಂದು ಉಪಚಾರಕ್ಕೆ ಅಂದೆ.

ಅವಳು ಹೇಳಿದಳು, ಅದಕ್ಕೇನು, ಮಧ್ಯಾಹ್ನದ ಹೊತ್ತು ಅಂಗಡಿ ಖಾಲಿಯಿದ್ದಾಗ ಅವ್ವಾರು ಬೇಕರಿಯವನ ಫೋನಿಗೇ ಮಾಡುತ್ತಾರಲ್ಲ. ಅವನ ನಂಬರನ್ನು ಎಂದೋ ಕೇಳಿ ಬರೆಸಿಕೊಂಡಿದ್ದಾರಲ್ಲ. "ನಿಮ್ಮವ್ವಾರು ಭಾಳ ದೊಡ್ಡಾಕಿ ಅದಾರ್ರಿ ಅಕ್ಕಾರ" ಎಂದಳು.

ನಾನು ಕಣ್ಣಿಟ್ಟು ಕಾದದ್ದೆಲ್ಲ ಸಂಜೆಗಳು ಮಾತ್ರ. ಮಧ್ಯಾಹ್ನಗಳು ಇದ್ದವೆಂದು ನನಗೆ ಗೊತ್ತೇ ಇರಲಿಲ್ಲ. ಏನು ಹೇಳಿದ್ದೀ ಅಮ್ಮನಿಗೆ ಎಂದು ಕೇಳಲು ಬಾಯಿ ತೆರೆದೆ. ಕೇಳಿದರೆ, ಹೇಳಬಾರದ್ದು ಏನೋ ಇದೆ ಎಂದು ನಾನೇ ಒಪ್ಪಿಕೊಂಡ ಹಾಗೆ. ಹುಷಾರಾಗಿರು ಎಂದಷ್ಟೇ ಹೇಳಿ ಹೊರಟೆ. ಮರುದಿನ ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು, ಆದರೆ ದಾರಿಯ ಹಿನ್ನೀರು, ಸೇತುವೆ ಯಾವುದನ್ನೂ ನೋಡಿದ ನೆನಪಿಲ್ಲ. ಅಮ್ಮ ಇಷ್ಟು ದಿನದ ಫೋನಿನಲ್ಲಿ ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ತಿರುವಿ ನೋಡುತ್ತಾ ಬಂದೆ. ಎಲ್ಲದರಲ್ಲೂ ಅವಳಿಗೆ ಗೊತ್ತಿತ್ತು ಎಂದೂ ಕಾಣುತ್ತಿತ್ತು, ಗೊತ್ತಿರಲಿಲ್ಲ ಎಂದೂ ಕಾಣುತ್ತಿತ್ತು.

ಮನೆ ಸಿಗುವವರೆಗೆ ತಿರುವನಂತಪುರದ ತಂಪಾನೂರಿನ ಒಂದು ಲಾಡ್ಜಿನಲ್ಲಿ ಇಳಿದುಕೊಂಡೆ. ಎದುರಿಗೆ ರೈಲ್ವೆ ಸ್ಟೇಷನ್, ಪಕ್ಕದಲ್ಲಿ ಬಸ್ ಸ್ಟ್ಯಾಂಡು, ಗಿಜಿಗುಟ್ಟುವ ಜನ. ಕೋಣೆಯಲ್ಲಿ ಸಿಗ್ನಲ್ ಚೆನ್ನಾಗಿಯೇ ಇತ್ತು. ಆದರೂ ಸಂಜೆಯಾಗುತ್ತಿದ್ದಂತೆ ಕಾಲು ತಾನಾಗಿ ನನ್ನನ್ನು ಕೆಳಗಿಳಿಸಿತು. ಲಾಡ್ಜಿನ ಮೆಟ್ಟಿಲ ಪಕ್ಕ ಗಡ್ಡದ ಮುದುಕನೊಬ್ಬ ಸ್ಟೀಲ್ ಲೋಟ ಮುಂದಿಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ಲೋಟ ಎತ್ತಿದ. ನಾನು ನೋಡದ ಹಾಗೆ ಅತ್ತ ತಿರುಗಿ ಅಮ್ಮನಿಗೆ ಫೋನು ಮಾಡಿದೆ. ಇಲ್ಲಿ ಯಾರ ಹಂಗೂ ಇಲ್ಲ, ಕೊಡುವುದು ಬಿಡುವುದು ನನ್ನಿಷ್ಟ ಎಂದು ಆ ಗಳಿಗೆಯಲ್ಲಿ ಅಂದುಕೊಂಡದ್ದು ನೆನಪಿದೆ.

ಲಾಡ್ಜು ಹೇಗಿದೆ, ಹಾಸಿಗೆಯಲ್ಲಿ ತಿಗಣೆ ಇಲ್ಲವಷ್ಟೇ ಎಂದೆಲ್ಲ ಅಮ್ಮ ವಿಚಾರಿಸಿದಳು. ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ನೀನು ಅವಳ ಜೊತೆ ಮಾತಾಡುತ್ತಿದ್ದೆಯಂತೆ, ಏನು ಹೇಳಿದಳು ಎಂದು ಕೇಳಿಯೇಬಿಟ್ಟೆ.

"ಎಲ್ಲಾ ಹೇಳಿದಳು" ಎಂದಳು ಅಮ್ಮ. "ಮಧ್ಯಾಹ್ನ ಅಲ್ಲ. ಮೊದಲನೇ ವಾರವೇ, ನೀನು ಒಳಗೆ ಪಫ್ಸ್ ತಗೊಳ್ಳೋಕೆ ಹೋಗಿದ್ದಾಗ. ಅಕ್ಕಾರಿಗೆ ಬರೋಕೆ ಮನಸ್ಸಿಲ್ಲ, ನೀವು ದಾರಿ ಕಾಯಬೇಡಿ, ಕಾಯ್ತಾ ಕೂತರೆ ಕರುಳು ಒಣಗುತ್ತೆ ಅಂದಳು."

ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದೆ.

"ನಿನಗೆ ಹೇಳಬೇಡ ಅಂತ ನಾನೇ ಅವಳ ಹತ್ತಿರ ಮಾತು ತಗೊಂಡೆ. ನನಗೆ ಗೊತ್ತಾಯ್ತು ಅಂದಿದ್ರೆ ಅವತ್ತೇ ಅವಳಿಗೆ ಕೊಡೋದು ನಿಲ್ಲಿಸಿಬಿಡ್ತಿದ್ದೆ ನೀನು. ಹೆದರಿಕೊಂಡಾದರೂ ಕೊಡಲಿ ಅಂತ ಬಿಟ್ಟೆ."

ನನಗೆ ಉರಿದುಹೋಯಿತು. ಇಬ್ಬರೂ ಸೇರಿ ನನ್ನನ್ನು ಆ ಬೇಕರಿಯ ಮುಂದೆ ತಿಂಗಳುಗಟ್ಟಲೆ ಕುಣಿಸಿದ್ದರು, 'ಅಕ್ಕಾರಿಗೆ ಊರಂದ್ರ' ಎಂದು ಅವಳು ಶುರುಮಾಡಿದ್ದೂ ಆ ಆಟದ್ದೇ. ಬೈಯಬೇಕೆಂದುಕೊಂಡೆ, ಆದರೆ ಅಮ್ಮ ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ನಿಲ್ಲಿಸಿಬಿಡುತ್ತಿದ್ದೆ, ನಿಜ. ನಗು ಬಂತು. ಅಷ್ಟು ದಿನವೂ ಅಮ್ಮ, ವರ್ಗ ಆಗಲಿಲ್ಲವಾ, ಹೋಗಲಿ ಬಿಡು, ಬ್ಯಾಂಕಿನವರಿಗೂ ಏನು ಕಷ್ಟವೋ ಎನ್ನುತ್ತಿದ್ದಳು, ಎಲ್ಲ ಗೊತ್ತಿದ್ದೂ. ಧಾರಾವಾಹಿಯ ಹೊತ್ತಾಗಿತ್ತು. ಸಂಗೀತ ಶುರುವಾದರೆ ಮಾತು ಮುಗಿಯುತ್ತದೆ ಎಂದು ಕಾದೆ. ಸಂಗೀತ ಕೇಳಿಸಲಿಲ್ಲ. ಟಿವಿ ಆರಿಸಿದ್ದಳು.

"ಅಲ್ಲಿ ನಿನ್ನ ಹತ್ತಿರ ಯಾರಿದ್ದಾರೆ?" ಎಂದಳು.

ಯಾರೂ ಇಲ್ಲ, ಒಬ್ಬ ಮುದುಕ ಕೂತಿದ್ದಾನೆ ಎಂದೆ.

"ಅವನಿಗೆ ಕನ್ನಡ ಬರುತ್ತಾ?"

ಇಲ್ಲ ಎಂದೆ.

"ಹಾಗಾದರೆ ಹೇಳು. ಯಾಕೆ ಬರಲ್ಲ ಅಂದೆ?"

ಗೆಳತಿಯ ಹತ್ತಿರ ನಡುಬೀದಿಯಲ್ಲಿ ಕೂಗಿ ಹೇಳಿದ್ದ ಮಾತು. ತಂಪಾನೂರಿನ ಆ ಜನಜಂಗುಳಿಯಲ್ಲಿ ಅದನ್ನು ಇನ್ನೊಮ್ಮೆ ಕೂಗಿದ್ದರೂ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಮುದುಕನ ಲೋಟ ಇನ್ನೂ ಮೇಲೆಯೇ ಇತ್ತು. ಇರಮ್ಮ, ಇಲ್ಲೊಬ್ಬರು ಕೇಳುತ್ತಿದ್ದಾರೆ ಎಂದೆ. ಫೋನನ್ನು ಕತ್ತು ಭುಜದ ನಡುವೆ ಸಿಕ್ಕಿಸಿಕೊಂಡು ಪರ್ಸಿನ ಎಲ್ಲ ಖಾನೆಗಳಲ್ಲೂ ಚಿಲ್ಲರೆ ಹುಡುಕಿದೆ. ಸಿಕ್ಕಿದ ಮೇಲೂ ಹುಡುಕಿದೆ. ಬಗ್ಗಿ, ನಿಧಾನವಾಗಿ, ಒಂದೊಂದೇ ನಾಣ್ಯವನ್ನು ಲೋಟದೊಳಗೆ ಬಿಟ್ಟೆ. ಅವನು ಕೈಯೆತ್ತಿ ಏನೋ ಹರಸಿದ.

"ಕೊಟ್ಟೆಯಾ?" ಎಂದಳು ಅಮ್ಮ.

"ಕೊಟ್ಟೆ."

"ಸರಿ. ಈಗ ಹೇಳು."